ಮೊಣಕೈ ಮರೆವು

ಐಲಿಗೆ ಏಳು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. "ನಿನ್ನ ಮೈ ವಿಷಯದಲ್ಲಿ ಫೋನಿನ ಪರದೆ ಏನೇ ಹೇಳಲಿ, ನಾನು ನಂಬೋದು ನಿನ್ನ ಮಾತು. ಯಾರ ಎದುರಿಗೆ ಬೇಕಾದ್ರೂ ಹೇಳ್ತೀನಿ." ಆಸ್ಪತ್ರೆಯ ಹೊರಗೆ, ಹಿಮ ಮುಚ್ಚಿಕೊಂಡ ಪಿಕಪ್ ಗಾಡಿಯೊಳಗೆ ಕೂತು, ಅವಳ ಕಿರುಬೆರಳಿಗೆ ನನ್ನ ಕಿರುಬೆರಳು ಸಿಕ್ಕಿಸಿ ಕೊಟ್ಟ ಮಾತು. ಆ ದಿನ ಅವಳ ನಾಲಿಗೆ ಕೆಂಪಗಿತ್ತು. ಫೋನಿನಲ್ಲಿ ಹುಡುಕಿದರೆ ಅದು ತೋರಿಸಿದ ಕಾಯಿಲೆಯ ಹೆಸರನ್ನು ಉಚ್ಚರಿಸುವುದಕ್ಕೂ ಆಗಲಿಲ್ಲ. "ಬೀಟ್‌ರೂಟ್ ತಿಂದೆ ಅಮ್ಮಾ" ಎಂದು ಮಗು ದಾರಿಯುದ್ದಕ್ಕೂ ಹೇಳುತ್ತಲೇ ಬಂತು. ವೈದ್ಯ ನಾಲಿಗೆ ನೋಡಿದ, ನನ್ನನ್ನು ನೋಡಿದ, ಮತ್ತೆ ಮಗುವನ್ನು ಕೇಳಿದ: "ಬೀಟ್‌ರೂಟ್ ತಿಂದ್ಯಾ ಮರಿ?"

ಈಗ ಐಲಿ ಪೈಕ್ ಹಾರ್ಬರ್ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅವಳಿಗೆ ಬೇಕಾದದ್ದು ಒಂದೇ, ಸೂಲಗಿತ್ತಿ ಕೋರ್ಸ್. ಅದಕ್ಕೆ ಕಾರಣವೂ ಉಂಟು. ಅವಳು ಹುಟ್ಟಿದ್ದು ಹೆದ್ದಾರಿಯ ಪಕ್ಕದಲ್ಲಿ, ಇದೇ ಪಿಕಪ್ಪಿನ ಹಿಂದಿನ ಸೀಟಿನಲ್ಲಿ. ಹೆರಿಗೆ ಮಾಡಿಸಿದವನು ಹಿಮ ಸರಿಸುವ ಗಾಡಿಯ ಡ್ರೈವರ್ ಲೈಲ್. ಅದಕ್ಕೆ ಮುಂಚೆ ಅವನು ಹೊರಗೆ ತೆಗೆದದ್ದೆಂದರೆ ಕೆಟ್ಟ ಗೇರ್‌ಬಾಕ್ಸ್‌ಗಳನ್ನು ಮಾತ್ರ. "ಇಷ್ಟು ದೊಡ್ಡ ಸರೋವರ ಇದೆ, ಅದರ ದಂಡೆ ಮೇಲಿರೋ ಹೆಂಗಸರಿಗೆಲ್ಲ ಲೈಲ್ ಒಬ್ಬನೇ ಸಾಲಲ್ಲ ಅಮ್ಮಾ" ಅನ್ನುತ್ತಿದ್ದಳು ಐಲಿ. ಆದರೆ ಆ ಕೋರ್ಸನ್ನು ವಿಶ್ವವಿದ್ಯಾಲಯ ಮುಚ್ಚುತ್ತಿತ್ತು. ಈ ಏಪ್ರಿಲ್‌ನ ಪ್ರವೇಶ ಪರೀಕ್ಷೆಯೇ ಕೊನೆಯದು. ತಪ್ಪಿದರೆ ಮುಂದಿನ ವರ್ಷ ಎನ್ನುವುದೇ ಇಲ್ಲ.

ಆ ಪರೀಕ್ಷೆಗೆ ಕೂರುವ ಮೊದಲು ಎಲ್ಲರೂ ಒಂದು ಕಡ್ಡಾಯ ಪಾಠ ಮುಗಿಸಬೇಕಿತ್ತು. ಅಂತರ್ಜಾಲದಲ್ಲಿ ಸಿಗುವ ಆರೋಗ್ಯದ ಮಾಹಿತಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಗುರುತಿಸುವ ಪಾಠ. ಕಲಿಸುವವರು ಪ್ರೊಫೆಸರ್ ಪ್ರೆಂಡರ್‌ಗಾಸ್ಟ್. ಬರೆದವರ ಹೆಸರಿದೆಯೇ, ತಾರೀಕಿದೆಯೇ, ಆಧಾರ ಕೊಟ್ಟಿದ್ದಾರೆಯೇ, ಸಂಪರ್ಕಿಸಲು ವಿಳಾಸವಿದೆಯೇ, ಈ ನಾಲ್ಕು ನೋಡಿದರೆ ಸಾಕು, ಇನ್ನು ನಿಮ್ಮನ್ನು ಯಾರೂ ಮೋಸಗೊಳಿಸಲಾರರು ಎಂದು ಅವರು ಮೊದಲ ದಿನವೇ ಹೇಳಿದ್ದರಂತೆ. ಕೊನೆಯ ಅಭ್ಯಾಸ ಇದು: ಪ್ರತಿಯೊಬ್ಬರೂ ಒಂದು ಸುಳ್ಳು ಕಾಯಿಲೆಯ ಪುಟ ತಯಾರಿಸಬೇಕು, ಸಹಪಾಠಿಗಳು ಅದರ ಹುಳುಕು ಹುಡುಕಬೇಕು.

ಭಾನುವಾರ ನಮ್ಮ ಅಡುಗೆಮನೆಯಲ್ಲಿ ಕೂತು ಐಲಿ ಪೆನ್ನು ಕಚ್ಚುತ್ತಿದ್ದಳು.

"ಅಮ್ಮಾ, ಒಂದು ಸುಳ್ಳು ಕಾಯಿಲೆ ಹೇಳು."

"ನಿಮ್ಮಪ್ಪನ ಬೆನ್ನುನೋವು. ಪಾತ್ರೆ ತೊಳಿಯೋ ಹೊತ್ತಿಗೆ ಸರಿಯಾಗಿ ಬರತ್ತಲ್ಲ, ಅದು."

"ತಮಾಷೆ ಬೇಡ."

"ಮೊದಲು ಮೊಣಕೈ ತೆಗಿ ಮೇಜಿನ ಮೇಲಿಂದ. ಹಿಟ್ಟಲ್ಲಿ ಇಟ್ಕೊಂಡಿದೀಯ."

ಅವಳು ಮೊಣಕೈ ಎತ್ತಿ ನೋಡಿದಳು. ಪುಲ್ಲಾ ಬ್ರೆಡ್ಡಿಗೆಂದು ನಾನು ಕಲಸಿಟ್ಟಿದ್ದ ಏಲಕ್ಕಿ ಹಿಟ್ಟು ಅಂಟಿತ್ತು. "ಅಯ್ಯೋ, ಇಟ್ಟಿದ್ದೇ ಗೊತ್ತಾಗ್ಲಿಲ್ಲ" ಅಂದಳು. ಆಮೇಲೆ ಆ ಹಿಟ್ಟನ್ನೇ ನೋಡುತ್ತ ತುಟಿಯಂಚಿನಲ್ಲಿ ನಕ್ಕಳು. ಅವಳ ಮುಖದಲ್ಲಿ ಅಂಥ ನಗು ಕಂಡರೆ ನಾನು ಹುಷಾರಾಗಬೇಕಿತ್ತು. ಬೆಳಗಿನ ಜಾವ ಎದ್ದು ತಾನು ಓಡಿಸುವ ಸ್ಕೂಲ್ ಬಸ್ಸಿನ ಎಂಜಿನ್ ಬೆಚ್ಚಗಿದೆಯೋ ಇಲ್ಲವೋ ನೋಡಬೇಕಾದವಳಿಗೆ ಮಕ್ಕಳ ನಗು ಪರೀಕ್ಷಿಸುವ ಪುರಸೊತ್ತೆಲ್ಲಿ?

ಹೀಗೆ ಹುಟ್ಟಿದ್ದು ಮೊಣಕೈ ಮರೆವು. ಐಲಿ ಬರೆದ ಪ್ರಕಾರ, ಈ ಕಾಯಿಲೆ ಬಂದವರಿಗೆ ದಿನದ ಬಹುಪಾಲು ತಮಗೆ ಮೊಣಕೈ ಇದೆ ಎನ್ನುವುದೇ ನೆನಪಿರುವುದಿಲ್ಲ. ನೆನಪಾದ ಕೂಡಲೇ ಅಲ್ಲಿ ಏನೋ ವಿಚಿತ್ರ ಅನ್ನಿಸುತ್ತದೆ. ಕನ್ನಡಿಯ ಸಹಾಯವಿಲ್ಲದೆ ರೋಗಿಗೆ ತನ್ನ ಮೊಣಕೈಯನ್ನು ನೆಟ್ಟಗೆ ನೋಡಿಕೊಳ್ಳಲಾಗುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ: ತೋಳು ಚಾಚಿ, ಮೊಣಕೈಯ ಹಿಂದಿನ ಚರ್ಮವನ್ನು ಬಲವಾಗಿ ಚಿವುಟಿ. ನೋವಾಗದಿದ್ದರೆ ತಡಮಾಡಬೇಡಿ. ಕೊನೆಯ ಲಕ್ಷಣವನ್ನು ಅವಳು ತುಂಬ ಮುದ್ದಿನಿಂದ ಬರೆದಿದ್ದಳು. "ಕಾಯಿಲೆ ವಿಪರೀತಕ್ಕೆ ಹೋದಾಗ ರೋಗಿಯು ಇಂಥ ಕಾಯಿಲೆಯೇ ಇಲ್ಲವೆಂದು ವಾದಿಸುತ್ತಾನೆ." ಸುಳ್ಳು ಪುಟಗಳು ಹೀಗೇ ಇರುತ್ತವೆ, ಅಲ್ಲಗಳೆಯುವವರ ಬಾಯಿಯನ್ನು ಮೊದಲೇ ಕಟ್ಟಿಬಿಡುತ್ತವೆ ಎಂದು ಪಾಠದಲ್ಲಿ ಹೇಳಿದ್ದರಂತೆ.

ಅವಳ ತಪ್ಪೆಂದರೆ ಅವಳು ಶ್ರದ್ಧೆಯ ಹುಡುಗಿ. ಬೇರೆಯವರು ಹೆಸರಿಲ್ಲದೆ, ತಾರೀಕಿಲ್ಲದೆ, ಕಣ್ಣು ಕುಕ್ಕುವ ಜಾಹೀರಾತುಗಳನ್ನು ಅಂಟಿಸಿ ಹೇಗೋ ಮುಗಿಸಿದರು. ಐಲಿ ತನ್ನ ಹೆಸರು ಹಾಕಿದಳು, ತಾರೀಕು ಹಾಕಿದಳು, ವಿಳಾಸ ಕೊಟ್ಟಳು. ಆಧಾರಕ್ಕೆ ಮೂರು ಒಳ್ಳೆಯ ಪುಸ್ತಕಗಳನ್ನು ಹೆಸರಿಸಿದಳು. ಮೊಣಕೈ ಇದೆ ಎನ್ನುವುದಕ್ಕೆ ಒಂದು, ಮರೆವು ಇದೆ ಎನ್ನುವುದಕ್ಕೆ ಒಂದು, ಊಟದ ಮೇಜಿನ ಮರ್ಯಾದೆಯ ಬಗ್ಗೆ ಒಂದು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, "ಇದು ತರಗತಿಯ ಅಭ್ಯಾಸ. ಇಂಥ ಕಾಯಿಲೆ ಇಲ್ಲ" ಎಂದು ಬರೆದಳು.

ವಿಶ್ವವಿದ್ಯಾಲಯದವರು ಹೊಸದಾಗಿ ಒಂದು ನಂಬಿಕೆಯ ಮಾಪಕ ತಂದಿದ್ದರು. ಪುಟಗಳನ್ನು ತಾನೇ ಓದಿ ತೂಗುವ ಯಂತ್ರ. ಅದು ಐಲಿಯ ಪುಟವನ್ನು ತೂಗಿತು. ಹೆಸರು ಸರಿ, ತಾರೀಕು ಸರಿ, ಆಧಾರ ಸರಿ, ವಿಳಾಸ ಸರಿ. ಇಡೀ ಪುಟದಲ್ಲಿ ಆಧಾರವಿಲ್ಲದ ಹೇಳಿಕೆ ಒಂದೇ ಒಂದಿತ್ತು. "ಇಂಥ ಕಾಯಿಲೆ ಇಲ್ಲ." ಯಂತ್ರ ಅದೊಂದನ್ನು ಅಡಗಿಸಿ ಪುಟಕ್ಕೆ ಹಸಿರು ಗುರುತು ಕೊಟ್ಟಿತು. ಹಸಿರು ಗುರುತಿನ ಪುಟಗಳು ತಾವಾಗಿಯೇ ಎಲ್ಲ ವಿದ್ಯಾರ್ಥಿಗಳ ಫೋನಿಗೆ ಹೋಗುವ ಏರ್ಪಾಡಿತ್ತು.

ಮರುದಿನ ಊಟದ ಹಾಲ್‌ನಲ್ಲಿ ಇಡೀ ವಿಶ್ವವಿದ್ಯಾಲಯ ತನ್ನ ಮೊಣಕೈ ಚಿವುಟಿಕೊಳ್ಳುತ್ತ ಕೂತಿತ್ತು. ಯಾರಿಗೂ ನೋವಾಗಲಿಲ್ಲ. ಆ ಚರ್ಮ ಚಿವುಟಿದರೆ ಯಾರಿಗೂ ಅಷ್ಟಾಗಿ ನೋಯುವುದಿಲ್ಲ, ಬೇಕಾದರೆ ನೀವೇ ನೋಡಿಕೊಳ್ಳಿ.

ಐಲಿ ನನಗೆ ಫೋನ್ ಮಾಡಿ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಎರಡನೇ ಸಲ ಫೋನ್ ಮಾಡಿದಾಗ ಅವಳು ನಗುತ್ತಿರಲಿಲ್ಲ. ಚಿಕಿತ್ಸಾಲಯದ ಮುಂದಿನ ಸರದಿ ಮೆಟ್ಟಿಲಿಳಿದು, ವಾಹನ ನಿಲ್ಲಿಸುವ ಬಯಲು ದಾಟಿ, ಹಾಕಿ ಮೈದಾನದ ತನಕ ಹೋಗಿದೆಯಂತೆ. ಗುರುವಾರ ಮಾತ್ರ ಬರುವ ವೈದ್ಯರು "ಇದರ ಬಗ್ಗೆ ನಾನೆಲ್ಲೂ ಓದಿಲ್ಲ" ಅಂದರಂತೆ. ವೈದ್ಯರಿಗೆ ತರಬೇತಿ ಸಾಲದು ಎಂದು ವಿಶ್ವವಿದ್ಯಾಲಯದವರು ಗುರುತು ಹಾಕಿಕೊಂಡು, ಅವರನ್ನೂ ಪ್ರೆಂಡರ್‌ಗಾಸ್ಟರ ಪಾಠಕ್ಕೆ ಸೇರಿಸಿದರಂತೆ.

"ನನಗೆ ಎಷ್ಟೊಂದು ಪತ್ರ ಬರ್ತಿದೆ ಗೊತ್ತಾ ಅಮ್ಮಾ? ವಿಳಾಸ ಕೊಟ್ಟಿದ್ನಲ್ಲ! ಎಲ್ಲರಿಗೂ ಬರೀತಿದೀನಿ, ಇಂಥ ಕಾಯಿಲೆ ಇಲ್ಲ, ನಾನೇ ಕಟ್ಟಿದ್ದು ಅಂತ."

"ಅದಕ್ಕೇನಂತಾರೆ?"

"ಅಯ್ಯೋ ಪಾಪ, ನಿಮಗೆ ಅಷ್ಟು ಜೋರಾಗಿದ್ಯಾ ಅಂತಾರೆ."

ಒಗೆದ ಬಟ್ಟೆಯ ಚೀಲ ಕೊಡುವುದಕ್ಕೆ ನಾನು ಆ ವಾರ ಅಲ್ಲಿಗೆ ಹೋದಾಗ ಐಲಿ ನನ್ನನ್ನು ಪ್ರೆಂಡರ್‌ಗಾಸ್ಟರ ಕೋಣೆಗೆ ಎಳೆದುಕೊಂಡೇ ಹೋದಳು. ಪ್ರೊಫೆಸರರ ಎರಡೂ ಮೊಣಕೈ ಮೇಜಿನ ಮೇಲಿನ ಎರಡು ದಿಂಬುಗಳ ಮೇಲೆ ಕೂತಿದ್ದವು. ಒಂದರ ಮೇಲೆ ಬಾತುಕೋಳಿ ಕಸೂತಿ ಇತ್ತು.

"ಸರ್, ನಿಮಗೆ ಗೊತ್ತಲ್ಲ ಇದು ಅಭ್ಯಾಸ ಅಂತ! ಕೊಟ್ಟಿದ್ದೇ ನೀವು!"

"ಗೊತ್ತಮ್ಮ, ಗೊತ್ತು," ಅಂದರು ಅವರು ಬಹಳ ಮೃದುವಾಗಿ. "ಶುರುವಾದಾಗ ಅಭ್ಯಾಸವೇ. ಆದರೆ ಈಗ ನೋಡು, ನನಗೆ ಇಪ್ಪತ್ತು ವರ್ಷದಿಂದ ಮೊಣಕೈ ನೆನಪೇ ಇರಲಿಲ್ಲ. ನನ್ನ ಹೆಂಡತಿಗೂ ಇಲ್ಲ. ನೀನು ಸುಳ್ಳು ಅಂತ ಬರೆದೆ, ಸರಿ. ಆದರೆ ಕಂಡುಹಿಡಿದಿದೀಯ!"

"ಹಾಗಾದ್ರೆ ಪುಟ ತೆಗೀರಿ."

"ಹಸಿರು ಗುರುತಿನ ಪುಟ ತೆಗೆಯೋ ಅಧಿಕಾರ ನನಗಿಲ್ಲ. ನೀನೇ ಒಂದು ಖಂಡನೆ ಬರಿ. ಮಾಪಕ ಒಪ್ಪಿದರೆ ಅದೂ ಎಲ್ಲರಿಗೂ ಹೋಗತ್ತೆ."

"ಬರೆದೆ ಸರ್. ಕೆಂಪು ಬಂತು."

"ಯಾಕೆ?"

"ಆಧಾರ ಇಲ್ಲ ಅಂತ. ಮೊಣಕೈ ಮರೆವು ಇಲ್ಲ ಅನ್ನೋದಕ್ಕೆ ಆಧಾರ ಎಲ್ಲಿಂದ ತರಲಿ? ಇಲ್ಲದೇ ಇರೋದರ ಬಗ್ಗೆ ಯಾರಾದ್ರೂ ಪುಸ್ತಕ ಬರೀತಾರಾ?"

ಪ್ರೆಂಡರ್‌ಗಾಸ್ಟ್ ತಲೆದೂಗಿದರು. "ಅದೇ ನೋಡು. ಪಾಠದ ತಿರುಳೇ ಅದು. ಆಧಾರ ಇಲ್ಲದ್ದನ್ನ ನಂಬಬಾರದು."

ನಾನು ಬಾಯಿ ಹಾಕಿದೆ. "ಪ್ರೊಫೆಸರೇ, ನನ್ನ ಮಗಳ ಮಾತಿಗಿಂತ ಬೇರೆ ಆಧಾರ ಯಾಕೆ ಬೇಕು? ಕಟ್ಟಿದವಳೇ ಅವಳು."

"ತಾಯಿಯಾಗಿ ನೀವು ಹಾಗನ್ನಬೇಕು, ಸರಿ," ಅಂದು ಅವರು ನನ್ನ ತೋಳಿನತ್ತ ನೋಡಿದರು. "ನೀವು ಚಿವುಟಿಕೊಂಡ್ರಾ?"

"ಇಲ್ಲ," ಅಂದೆ. ನಿಜಕ್ಕೂ ಆಗ ಚಿವುಟಿಕೊಂಡಿರಲಿಲ್ಲ.

ಅಲ್ಲಿಂದ ವಿಶ್ವವಿದ್ಯಾಲಯ ನಿಯಮ ಮಾಡುವುದಕ್ಕೆ ನಿಂತಿತು. ಲಕ್ಷಣವಿದ್ದವರು ಒಂದು ವಾರ ಮೊಣಕೈಗೆ ವಿಶ್ರಾಂತಿ ಕೊಡಬೇಕು, ಅಂದರೆ ಬರೆಯಬಾರದು, ಒರಗಬಾರದು. ವಾರ ಕಳೆದ ಮೇಲೆ "ನನಗಿತ್ತು, ಈಗಿಲ್ಲ" ಎಂದು ಘೋಷಿಸಿದರೆ ಪರೀಕ್ಷೆಯ ಹಾಲ್‌ನೊಳಗೆ ಬಿಡುತ್ತಾರೆ. ವಿದ್ಯಾರ್ಥಿಗಳಿಗೆ ಇದು ಬಹಳ ಇಷ್ಟವಾಯಿತು. ಐಲಿಯ ಕೋಣೆಯ ಗೆಳತಿ ಬ್ರಿನ್‌ಗೆ ಎರಡು ಸಲ ಬಂದು ಎರಡು ಸಲ ವಾಸಿಯಾಯಿತು. ಕಾಯಿಲೆ ಬಾರದೇ ಉಳಿದವಳು ಇಡೀ ವಿಶ್ವವಿದ್ಯಾಲಯದಲ್ಲಿ ಐಲಿ ಒಬ್ಬಳೇ. ಬಾರದವರಿಗೆ ವಾಸಿಯಾಗುವುದು ಹೇಗೆ? ಅಷ್ಟೇ ಅಲ್ಲ, ಕಾಯಿಲೆಯೇ ಇಲ್ಲ ಎಂದು ಊರೆಲ್ಲ ಸಾರುತ್ತಿದ್ದವಳು ಕೊನೆಯ ಲಕ್ಷಣದವಳು. ಅವಳದೇ ಪುಟದಲ್ಲಿ, ಅವಳದೇ ಮಾತಿನಲ್ಲಿ, ಹಸಿರು ಗುರುತಿನೊಂದಿಗೆ ಅದು ಬರೆದಿತ್ತು. ಹಾಗಾಗಿ ಅವಳೂ ಘೋಷಣೆ ಮಾಡದೆ ಪರೀಕ್ಷೆಗೆ ಕೂರುವಂತಿರಲಿಲ್ಲ.

"ಸುಮ್ನೆ ನನಗೂ ಇತ್ತು ಅಂದುಬಿಡೇ," ಅಂದಳಂತೆ ಬ್ರಿನ್. "ಒಂದು ವಾರ ಹಾಯಾಗಿ ಮಲಗು. ನಿನ್ನ ಅಜ್ಜಿ ಗಂಟೇನು ಹೋಗತ್ತೆ?"

"ಅನ್ನಲ್ಲ," ಅಂದಳಂತೆ ಐಲಿ. "ನಾನು ನಾಳೆ ಹೆಂಗಸರ ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳಬೇಕಾದವಳು. ಇವತ್ತು ನನ್ನ ಮೊಣಕೈ ಬಗ್ಗೆನೇ ಸುಳ್ಳು ಹೇಳಲಾ?"

ಇದನ್ನು ನಾನು ಲೈಲ್‌ಗೆ ಹೇಳಿದೆ. ಅವನೂ ಈಗ ಸ್ಕೂಲ್ ಬಸ್ಸು ಓಡಿಸುತ್ತಾನೆ. ಬೆಳಿಗ್ಗೆ ಡಿಪೋದಲ್ಲಿ ಕಾಫಿ ಹಿಡಿದು ನಿಂತಿದ್ದ. ತೋಳಿಗೆ ಉಣ್ಣೆಯ ಕಾಲುಚೀಲದ ತುದಿ ಕತ್ತರಿಸಿ ತೊಡಿಸಿಕೊಂಡಿದ್ದ.

"ಲೈಲ್! ನಿನಗೂನಾ?"

"ಏನ್ಮಾಡ್ಲಿ ರೈಯಾ, ನಲವತ್ತು ವರ್ಷ ಸ್ಟೇರಿಂಗ್ ತಿರುಗಿಸಿದೀನಿ, ಒಂದಿನನಾದ್ರೂ ಮೊಣಕೈಗೆ ಹೇಗಿದೀಯಪ್ಪಾ ಅಂತ ಕೇಳಿದೀನಾ? ಪಾಪ ಅನ್ನಿಸ್ತು."

"ಅದು ಐಲಿ ಕಟ್ಟಿದ ಕಥೆ ಕಣೋ. ನೀನೇ ಕೈಯಾರೆ ಹೊರಗೆ ತೆಗೆದ ಹುಡುಗಿ!"

"ಅದಕ್ಕೇ ನಂಬಿದ್ದು. ನಾನು ತೆಗೆದ ಮಗು ಸುಳ್ಳು ಬರಿಯತ್ತಾ?"

ಆ ದಿನ ಕೆಂಪು ದೀಪದ ಮುಂದೆ ಬಸ್ಸು ನಿಲ್ಲಿಸಿದಾಗ ನಾನು ಅಂಗಿಯ ತೋಳು ಮೇಲೆತ್ತಿ ಚಿವುಟಿಕೊಂಡೆ. ನೋಯಲಿಲ್ಲ. ಇನ್ನೂ ಬಲವಾಗಿ ಚಿವುಟಿದೆ. ಹಸಿರು ದೀಪ ಬಂದು, ಹಿಂದಿನ ಗಾಡಿಗಳು ಹಾರ್ನ್ ಬಾರಿಸಿ, ಮೂರನೇ ಸೀಟಿನ ಪುಟ್ಟಿ "ಡ್ರೈವರಮ್ಮಾ, ನಿದ್ದೆ ಬಂತಾ?" ಎಂದು ಕೇಳುವ ತನಕ ನನ್ನ ಕೈ ಅಲ್ಲೇ ಇತ್ತು. ಶನಿವಾರ ಸೌನಾ ಹಬೆಕೋಣೆಯ ಬಿಸಿಯಲ್ಲಿ ಕೂತಾಗ ಮೈಯೆಲ್ಲ ಸುಡುತ್ತಿತ್ತು, ಮೊಣಕೈ ಮಾತ್ರ ಯಾರದೋ ಮನೆಯ ವಸ್ತುವಿನಂತೆ ಸುಮ್ಮನಿತ್ತು. ಐಲಿ ಕಟ್ಟಿದ್ದು ಸುಳ್ಳು ಎಂದು ನನಗೆ ಗೊತ್ತು. ಹಿಟ್ಟು ಅಂಟಿದಾಗ ಎದುರಿಗೇ ಇದ್ದವಳು ನಾನು. ಆದರೂ.

ಪರೀಕ್ಷೆಯ ಹಿಂದಿನ ದಿನ ಆರೋಗ್ಯ ವಿಭಾಗದ ಮುಖ್ಯಸ್ಥೆ ಲಬೋಂಟೆ ನನ್ನನ್ನು ಕರೆಸಿದರು. ರೋಗಿಗೆ ತನ್ನ ಸ್ಥಿತಿ ಅರಿವಾಗದಿದ್ದಾಗ ಮನೆಯವರ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು ನಿಯಮವಿತ್ತಂತೆ. ಗಾಡಿಯಿಂದ ಇಳಿಯುವ ಮೊದಲು ಐಲಿ ನನ್ನ ಮುಂಗೈ ಹಿಡಿದಳು.

"ಅಮ್ಮಾ, ನಿಜ ಹೇಳು ಸಾಕು. ಬೇರೇನೂ ಬೇಡ."

"ನಿಜ ಹೇಳಿದ್ರೆ ಒಳಗೆ ಬಿಡಲ್ಲ ಕಣೇ."

"ಬಿಡದಿದ್ರೆ ಬಿಡದಿರಲಿ. ಇಡೀ ಊರಲ್ಲಿ ಒಬ್ಬರಾದ್ರೂ ನಾನು ಹೇಳಿದ್ದನ್ನ ಹೇಳ್ಬೇಕು. ಕಿರುಬೆರಳು ಕೊಟ್ಟಿದೀಯ ನೀನು."

"ಕೊಟ್ಟಿದೀನಿ," ಅಂದೆ.

ಕೋಣೆಯಲ್ಲಿ ಲಬೋಂಟೆ, ಪ್ರೆಂಡರ್‌ಗಾಸ್ಟ್, ಅವರ ಪಕ್ಕದಲ್ಲಿ ಪಾಠ ಮುಗಿಸಿ ಹೊಸದಾಗಿ ಹಸಿರು ಗುರುತು ಪಡೆದಿದ್ದ ಗುರುವಾರದ ವೈದ್ಯರು. ಆರು ಮೊಣಕೈಗಳು ಆರು ದಿಂಬುಗಳ ಮೇಲಿದ್ದವು. ನನಗೂ ಒಂದು ದಿಂಬು ಕೊಟ್ಟರು. ಬೇಡ ಎನ್ನುವುದು ಮರ್ಯಾದೆಯಲ್ಲ ಎಂದು ತೊಡೆಯ ಮೇಲಿಟ್ಟುಕೊಂಡೆ.

"ಮಿಸೆಸ್ ನಿಸ್ಕಾನೆನ್," ಲಬೋಂಟೆ ದನಿ ತಗ್ಗಿಸಿದರು, "ನಮಗೆ ನಿಮ್ಮ ಮಗಳ ಮೇಲೆ ದ್ವೇಷ ಏನಿಲ್ಲ. ನಿಜ ಹೇಳಬೇಕೂಂದ್ರೆ ನಾವೆಲ್ಲ ಅವಳಿಗೆ ಋಣಿ. ಆದರೆ ವಾಸಿಯಾಗದವರನ್ನ ಹಾಲ್‌ನೊಳಗೆ ಬಿಟ್ಟು, ಪರೀಕ್ಷೆ ಮಧ್ಯದಲ್ಲಿ ಮೊಣಕೈ ಪೂರ್ತಿ ಮರೆತುಹೋದರೆ? ಪೆನ್ನು ಹಿಡಿಯೋರು ಯಾರು?"

"ಅಂಗೈ ಹಿಡಿಯತ್ತೆ," ಅಂದಳು ಐಲಿ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಷ್ಟು ಜೋರಾಗಿದೆ ನೋಡಿ ಎನ್ನುವ ಹಾಗೆ.

"ಎರಡೇ ಪ್ರಶ್ನೆ," ಅಂದರು ಲಬೋಂಟೆ. "ನಿಮ್ಮ ಮಗಳಿಗೆ ಈ ಕಾಯಿಲೆ ಇತ್ತಾ? ಇತ್ತು ಅನ್ನೋದಾದ್ರೆ, ಈಗ ವಾಸಿಯಾಗಿದ್ಯಾ? ಯೋಚನೆ ಮಾಡಿ ಹೇಳಿ. ಮೊದಲನೆಯದಕ್ಕೆ ಇಲ್ಲ ಅಂದ್ರೆ ಎರಡನೆಯದನ್ನ ಕೇಳೋ ಹಾಗಿಲ್ಲ."

ಐಲಿ ನನ್ನನ್ನು ನೋಡುತ್ತಿದ್ದಳು. ಏಳು ವರ್ಷದವಳಾಗಿ, ಕೆಂಪು ನಾಲಿಗೆ ಹೊರಚಾಚಿ, ಪಿಕಪ್ಪಿನಲ್ಲಿ ಕೂತು ನೋಡಿದ ಹಾಗೇ. ಇವಳು ಅಂಗರಚನೆಯ ಚಿತ್ರಗಳನ್ನು ಬಚ್ಚಲಿನ ಗೋಡೆಗೆ ಅಂಟಿಸಿ, ಹಲ್ಲುಜ್ಜುತ್ತ ಬಾಯಿಪಾಠ ಮಾಡಿದ್ದು ನನಗೆ ನೆನಪಾಯಿತು. ಬೆಕ್ಕಿನ ಹೆರಿಗೆಗೆ ರಜೆ ಹಾಕಿ ಮನೆಯಲ್ಲಿ ಕೂತದ್ದು ನೆನಪಾಯಿತು. ಹೆದ್ದಾರಿಯ ಪಕ್ಕದ ಆ ಹಿಮ, ಲೈಲ್‌ನ ಎಣ್ಣೆ ಮೆತ್ತಿದ ಕೈ, "ಉಸಿರು ಬಿಡಮ್ಮಾ, ನನಗೂ ಏನೂ ಗೊತ್ತಿಲ್ಲ" ಎಂದ ಅವನ ದನಿ, ಎಲ್ಲ ನೆನಪಾಯಿತು.

"ಇತ್ತು," ಅಂದೆ.

"ಅಮ್ಮಾ!"

"ಜೋರಾಗೇ ಇತ್ತು. ಹಿಟ್ಟಲ್ಲಿ ಮೊಣಕೈ ಇಟ್ಕೊಂಡು ಕೂತಿದ್ಲು, ಗೊತ್ತೇ ಆಗಿರ್ಲಿಲ್ಲ ಅವಳಿಗೆ. ನಾನೇ ಕಣ್ಣಾರೆ ನೋಡಿದೀನಿ."

ಪ್ರೆಂಡರ್‌ಗಾಸ್ಟ್ ದಿಂಬಿನ ಮೇಲಿಂದ ಒಂದು ಮೊಣಕೈ ಎತ್ತಿ ಕಣ್ಣೊರೆಸಿಕೊಂಡರು. "ಅಂದ್ರೆ ಮೊದಲ ರೋಗಿ ಅವಳೇ," ಅಂದರು.

"ಈಗ?" ಕೇಳಿದರು ಲಬೋಂಟೆ.

"ಈಗ ವಾಸಿಯಾಗಿದೆ. ನಿನ್ನೆ ಮನೇಲಿ ಕನ್ನಡಿ ಮುಂದೆ ನಿಂತು ನೋಡ್ಕೋತಾ ಇದ್ಲು."

ಗುರುವಾರದ ವೈದ್ಯರು ತಲೆಯಾಡಿಸಿದರು. ಕನ್ನಡಿ ಒಳ್ಳೆಯ ಸೂಚನೆಯಂತೆ.

"ಐಲಿ, ನಿನಗೆ ಇದು ಒಪ್ಪಿಗೆನಾ?" ಲಬೋಂಟೆ ಕೇಳಿದರು. "ಏನೂ ಹೇಳದಿದ್ರೂ ಒಪ್ಪಿಗೆ ಅಂತಲೇ ತಿಳ್ಕೋತೀವಿ. ಅಲ್ಲ ಅಂತ ವಾದ ಮಾಡದೇ ಇರೋದೇ ವಾಸಿಯಾಗಿರೋ ಲಕ್ಷಣ."

ಐಲಿ ಬಾಯಿ ತೆರೆದಳು. ಗೋಡೆಯಾಚೆ ಯಾರೋ ಪರೀಕ್ಷೆಯ ಹಾಲ್‌ಗೆ ಕುರ್ಚಿ ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಒಂದಾದ ಮೇಲೊಂದು ಕುರ್ಚಿ. ಅವಳು ಬಾಯಿ ಮುಚ್ಚಿದಳು. ಲಬೋಂಟೆ ಎದ್ದುಬಂದು ಅವಳ ಮೊಣಕೈಗೆ ಮೊಣಕೈ ತಾಗಿಸಿ ಅಭಿನಂದಿಸಿದರು. ಕೈ ಕುಲುಕುವುದನ್ನು ಆ ತಿಂಗಳು ಎಲ್ಲರೂ ಬಿಟ್ಟಿದ್ದರು.

ಗಾಡಿಯಲ್ಲಿ ನಾನು ಪುಲ್ಲಾ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದೆ. ತೆಗೆದುಕೊಂಡಳು, ತಿನ್ನಲಿಲ್ಲ. ಸರೋವರದ ಮಂಜುಗಡ್ಡೆ ಅಲ್ಲಲ್ಲಿ ಬಿರುಕು ಬಿಟ್ಟು ಕಪ್ಪಗೆ ಕಾಣುತ್ತಿತ್ತು.

"ಬೀಟ್‌ರೂಟ್ ಅಂತ ನಾನು ಆವತ್ತೂ ಹೇಳ್ತಾನೇ ಇದ್ದೆ," ಅಂದಳು.

"ಹೂಂ ಕಣೇ."

"ನೀನು ಚಿವುಟ್ಕೊಂಡ್ಯಾ?"

"ಹೂಂ."

"ನೋವಾಯ್ತಾ?"

"ಇಲ್ಲ."

ಅವಳು ಕಿಟಕಿಯತ್ತ ತಿರುಗಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬ್ರೆಡ್ಡು ಕಚ್ಚಿದಳು.

ಆ ಸಂಜೆಯೇ ಅವಳ ಪುಟಕ್ಕೆ ನಾಲ್ಕನೆಯ ಆಧಾರ ಸೇರಿತು. "ಗುಣಮುಖಳಾದ ವಿದ್ಯಾರ್ಥಿನಿಯ ತಾಯಿ, ರೈಯಾ ನಿಸ್ಕಾನೆನ್, ಪ್ರತ್ಯಕ್ಷ ಹೇಳಿಕೆ." ಯಂತ್ರ ಅದಕ್ಕೂ ಹಸಿರು ಗುರುತು ಕೊಟ್ಟಿತು.

ಮರುದಿನ ಐಲಿ ಪರೀಕ್ಷೆ ಬರೆದಳು. ನಾನು ಅವಳಿಗೆ ಕೊಟ್ಟ ಮಾತನ್ನು ಮುರಿದಿದ್ದೆ.